ಗುರುಗಳ ನಿಧಿ ಮತ್ತು ಜೂನ್ ತಿಂಗಳು

(ಕಲಬುರಗಿಯಲ್ಲಿ ಸೇರಿದ್ದ ಹಳೆಯ ವಿದ್ಯಾರ್ಥಿಗಳ ಮತ್ತು ಶಿಕ್ಷಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಗುರುಮಾತೆಯವರಿಗೆ, ಹಿರಿಯರಿಗೆ, ನನ್ನ ಜೊತೆ ಒಂದೇ ಬೆಂಚಿನ ಮೇಲೆ ಕುಳಿತು ಓದಿದ ಗೆಳೆಯ ಗೆಳತಿಯರಿಗೆ, ಹಾಗೂ ಇಂದಿಗೂ ಹಳ್ಳಿಯ ಶಾಲೆಗಳಲ್ಲಿ ಪಾಠ ಮಾಡುತ್ತಿರುವ ಶಿಕ್ಷಕ ಬಂಧುಗಳಿಗೆ ಶರಣು ಶರಣಾರ್ಥಿಗಳು.

ಗುರುಗಳು ನಮ್ಮನ್ನು ಅಗಲಿದ ಮೇಲೆ ಅವರ ನೆನಪಿನಲ್ಲಿ ವಿದ್ಯಾರ್ಥಿವೇತನದ ನಿಧಿಯೊಂದನ್ನು ಕಟ್ಟಬೇಕೆಂದು ನಾವು ನಿಶ್ಚಯಿಸಿದಾಗ, ಹಣ ಎಲ್ಲಿಂದ ಬಂದೀತು ಎಂಬ ಚಿಂತೆಯೇ ಎಲ್ಲರಿಗೂ ಮೊದಲು ಬಂದಿತ್ತು. ಹಣ ಬಂತು, ಈಗಲೂ ಬರುತ್ತಿದೆ. ಅದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ. ಈ ಹಣ ಯಾರಿಗೆ ಸಲ್ಲಬೇಕು, ಯಾವ ತಿಂಗಳಲ್ಲಿ ಸಲ್ಲಬೇಕು, ಯಾರ ಮಾತಿನ ಮೇಲೆ ಸಲ್ಲಬೇಕು? ಇಂದು ನಾನು ಮಾತನಾಡಲು ಬಯಸುವುದು ಇದನ್ನೇ. ಗುರುಗಳು ಜಾಣರನ್ನು ಹುಡುಕಿ ಬಹುಮಾನ ಕೊಡುತ್ತಿದ್ದವರಲ್ಲ. ಶಾಲೆ ಬಿಡಲಿರುವ ಮಗು ಯಾವುದು ಎಂಬುದನ್ನು ಅದು ಬಿಡುವುದಕ್ಕೆ ಮುಂಚೆಯೇ ಗುರುತಿಸಿ, ಆ ವಾರವೇ ಅದರ ಮನೆಗೆ ಹೋಗುತ್ತಿದ್ದವರು. ನಮ್ಮ ನಿಧಿ ಆ ಕೆಲಸವನ್ನು ಮುಂದುವರಿಸಿದರೆ ಮಾತ್ರ ಅದು ಅವರದಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿಧಿಗೆ ತಮ್ಮ ಯಜಮಾನರ ಹೆಸರನ್ನು ಇಡುವುದು ಬೇಡವೆಂದು ಗುರುಮಾತೆಯವರು ಆರಂಭದಲ್ಲೇ ಕೇಳಿಕೊಂಡಿದ್ದರು. ಆದ್ದರಿಂದ ಇದು ಎಲ್ಲರ ಬಾಯಲ್ಲಿ 'ಗುರುಗಳ ನಿಧಿ' ಎಂದೇ ಆಗಿದೆ. ನಾನೂ ಹಾಗೆಯೇ ಕರೆಯುತ್ತೇನೆ. ನನ್ನ ನೌಕರಿಯ ಕಾಲವೆಲ್ಲ ಬ್ಯಾಂಕಿನಲ್ಲಿ ಕಳೆದದ್ದರಿಂದ ಲೆಕ್ಕದ ಮಾತುಗಳೂ ನಡುವೆ ಬರುತ್ತವೆ. ಗಣಿತ ಕಲಿಸಿದವರ ನೆನಪಿನ ಸಭೆಯಲ್ಲಿ ಲೆಕ್ಕ ಬಿಡಿಸಿ ಹೇಳುವುದು ಅನುಚಿತವಾಗಲಾರದು.

ಅವರು ಚಿತ್ತಾಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಇಟ್ಟುಕೊಂಡಿದ್ದ ಒಂದು ದಪ್ಪ ನೋಟ್‌ಬುಕ್ಕನ್ನು ಗುರುಮಾತೆಯವರು ನಮ್ಮ ಸಮಿತಿಗೆ ಕೊಟ್ಟಿದ್ದಾರೆ. ಅದು ಇಲಾಖೆಯ ಹಾಜರಿ ಪುಸ್ತಕವಲ್ಲ. ಅದರ ಪಕ್ಕದಲ್ಲೇ ಅವರು ತಮಗಾಗಿ ನಡೆಸುತ್ತಿದ್ದ ಇನ್ನೊಂದು ಹಾಜರಿ. ಎಡಗಡೆ ಮಕ್ಕಳ ಹೆಸರು, ಮಧ್ಯದಲ್ಲಿ ಗೈರುಹಾಜರಾದ ದಿನಗಳಿಗೆ ಸಣ್ಣ ಗೆರೆ, ಬಲಗಡೆಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೆರಡು ಶಬ್ದ. 'ತೊಗರಿ ರಾಶಿ.' 'ತಾಯಿಗೆ ಜ್ವರ.' 'ಹತ್ತಿ ಬಿಡಿಸಲು.' 'ಖಣಿ ಕೆಲಸ, ಅಣ್ಣನ ಜೊತೆ.' 'ಪುಣೆಗೆ ಹೋಗಿದ್ದಾರೆ, ಅಜ್ಜಿ ಮನೆಯಲ್ಲಿ ಬಿಟ್ಟಿಲ್ಲ.' ಒಂದು ಹೆಸರಿನ ಮುಂದೆ ಸತತವಾಗಿ ನಾಲ್ಕು ಗೆರೆ ಬಿದ್ದರೆ ಅದರ ಸುತ್ತ ಒಂದು ವೃತ್ತ, ವೃತ್ತದ ಕೆಳಗೆ ಮನೆಗೆ ಹೋಗಿಬಂದ ತಾರೀಖು. ಕೆಲವು ಕಡೆ ತಾರೀಖಿನ ಕೆಳಗೆ ಒಂದು ಮೊತ್ತ ಬರೆದಿದೆ. ಯಾವುದೋ ಪರೀಕ್ಷೆಯ ಶುಲ್ಕ, ಯಾವುದೋ ಪುಸ್ತಕದ ಬೆಲೆ. ಆ ಮೊತ್ತ ಹಿಂದಿರುಗಿ ಬಂದಿತೆಂದು ಎಲ್ಲಿಯೂ ಬರೆದಿಲ್ಲ, ಬರಬೇಕಾಗಿದೆ ಎಂದೂ ಬರೆದಿಲ್ಲ.

ಮನೆಗೆ ಹೋದಾಗ ಅವರು ಉಪದೇಶ ಮಾಡುತ್ತಿರಲಿಲ್ಲ. ಅಂಗಳದಲ್ಲಿ ನಿಂತು, "ಕಾಕಾ, ಪೋರಗ ಆರಾಮಿಲ್ಲೇನು? ಸಾಲಿಗಿ ಯಾಕ ಬಂದಿಲ್ಲ?" ಎಂದು ಕೇಳುತ್ತಿದ್ದರು. "ಏನ್ ಮಾಡ್ಬೇಕ್ರಿ ಸರ್, ರಾಶಿ ನಡದದ" ಎಂಬ ಉತ್ತರ ಬಂದರೆ, ರಾಶಿ, ಎಂದರೆ ಒಕ್ಕಣೆ, ಯಾವತ್ತು ಮುಗಿಯುತ್ತದೆಂದು ಕೇಳಿ, ಮುಗಿದ ಮರುದಿನದ ತಾರೀಖನ್ನು ಅಲ್ಲಿಯೇ ಬರೆದುಕೊಳ್ಳುತ್ತಿದ್ದರು. ಆ ದಿನ ಹುಡುಗ ಬರದಿದ್ದರೆ ಸಂಜೆಗೆ ಮತ್ತೆ ಅದೇ ಅಂಗಳದಲ್ಲಿ ಇರುತ್ತಿದ್ದರು. ಬಡತನವನ್ನು ಅವರು ಬಲ್ಲವರಾಗಿದ್ದರಿಂದ ರಾಶಿಯ ಕಾಲದಲ್ಲಿ ಮಗ ಹೊಲಕ್ಕೆ ಹೋದದ್ದನ್ನು ಅಪರಾಧವೆಂದು ಎಣಿಸುತ್ತಿರಲಿಲ್ಲ. ಆದರೆ ರಾಶಿ ಮುಗಿದ ಮೇಲೂ ಅವನು ಬರದೆ ಉಳಿಯುವುದನ್ನು ಎಂದೂ ಒಪ್ಪುತ್ತಿರಲಿಲ್ಲ.

ಈ ಪುಸ್ತಕವನ್ನು ಓದುತ್ತಾ ಹೋದಂತೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವೃತ್ತಗಳು ವರ್ಷದುದ್ದಕ್ಕೂ ಸಮನಾಗಿ ಹರಡಿಲ್ಲ. ಡಿಸೆಂಬರ್ ಮತ್ತು ಜನವರಿಯಲ್ಲಿ ಗೆರೆಗಳು ಹೆಚ್ಚು, ಆದರೆ ಆ ಮಕ್ಕಳು ಬಹುಮಟ್ಟಿಗೆ ಮರಳಿ ಬಂದಿದ್ದಾರೆ. ಜೂನ್ ಮತ್ತು ಜುಲೈಯಲ್ಲಿ ಗೆರೆಗಳು ಕಡಿಮೆ, ಆದರೆ ಅಲ್ಲಿ ಹೆಸರೇ ನಿಂತುಹೋಗುತ್ತದೆ. ಚಳಿಗಾಲದಲ್ಲಿ ಹೋದ ಮಗು ಗೈರುಹಾಜರಾದ ಮಗು. ಜೂನ್‌ನಲ್ಲಿ ಹೋದ ಮಗು ಶಾಲೆ ಬಿಟ್ಟ ಮಗು.

ನಮ್ಮ ಸೀಮೆಯ ಒಕ್ಕಲುತನವನ್ನು ಬಲ್ಲವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ತೊಗರಿ ನಮ್ಮ ಜಿಲ್ಲೆಯ ಜೀವಾಳ. 2019ರಲ್ಲಿ ಇಲ್ಲಿಯ ತೊಗರಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಮುಂಗಾರು ಬಿದ್ದ ಮೇಲೆ ಜೂನ್, ಜುಲೈಯಲ್ಲಿ ಬಿತ್ತನೆ. ಡಿಸೆಂಬರ್, ಜನವರಿಯಲ್ಲಿ ರಾಶಿ. ಎಂದರೆ ಒಣಬೇಸಾಯದ ಮನೆಯಲ್ಲಿ ಕೈಗೆ ದುಡ್ಡು ಬರುವುದು ವರ್ಷದ ಆರಂಭದಲ್ಲಿ, ಅದು ಪೂರ್ತಿ ಕರಗಿಹೋಗುವುದು ಜೂನ್ ವೇಳೆಗೆ. ಬೀಜ, ಗೊಬ್ಬರ, ಎತ್ತು ಅಥವಾ ಟ್ರ್ಯಾಕ್ಟರ್ ಬಾಡಿಗೆಗೆ ಸಾಲ ಹುಟ್ಟಿಸಬೇಕಾದ ಆ ಎರಡೇ ವಾರಗಳಲ್ಲಿ ಕಾಲೇಜಿನ ಪ್ರವೇಶವೂ, ಪುಸ್ತಕವೂ, ಊರು ಬಿಟ್ಟು ಓದುವುದಾದರೆ ರೂಮಿನ ಮುಂಗಡವೂ ಎದುರು ಬಂದು ನಿಲ್ಲುತ್ತವೆ. ಹೊಲವನ್ನು ಬಿತ್ತದೆ ಬಿಡಲು ಯಾವ ತಂದೆಗೂ ಆಗುವುದಿಲ್ಲ. ಹೀಗಾಗಿ ಮಗಳ ಪ್ರವೇಶ "ಮುಂದಿನ ವರ್ಷ ನೋಡಮು" ಎಂಬ ಮಾತಿಗೆ ಬಂದು ನಿಲ್ಲುತ್ತದೆ, ಮತ್ತು ಆ ಮುಂದಿನ ವರ್ಷ ಹೆಚ್ಚಿನವರ ಪಾಲಿಗೆ ಬರುವುದೇ ಇಲ್ಲ.

ಇದರ ಜೊತೆಗೆ ಇನ್ನೊಂದನ್ನೂ ಗಮನಿಸಬೇಕು. ಹತ್ತನೇ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಮಗುವಿಗೆ ಪಠ್ಯಪುಸ್ತಕ ಉಚಿತ, ಮಧ್ಯಾಹ್ನದ ಊಟ ಉಚಿತ. ನಮ್ಮ ರಾಜ್ಯದ ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದದ್ದು ನಮ್ಮ ಜಿಲ್ಲೆಯೂ ಸೇರಿದಂತೆ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿಯೇ. ಶರಣಬಸವೇಶ್ವರರ ದಾಸೋಹದ ನೆರಳಿನಲ್ಲಿ ಬೆಳೆದ ಈ ಊರಿನ ಜನರಿಗೆ, ಹಸಿದ ಮಗುವಿಗೆ ಅಕ್ಷರ ಹತ್ತುವುದಿಲ್ಲ ಎಂಬ ವಿಚಾರವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಆ ಊಟ ನಿಲ್ಲುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಅದಕ್ಕೂ ಮೊದಲೇ, ಹದಿನಾಲ್ಕನೆಯ ವಯಸ್ಸಿಗೆ ಮುಗಿದಿರುತ್ತದೆ. ಹದಿನಾರು ವರ್ಷದ ಹುಡುಗಿ ತನ್ನ ಊರಿನ ಶಾಲೆಯಿಂದ ತಾಲ್ಲೂಕು ಕೇಂದ್ರದ ಪದವಿಪೂರ್ವ ಕಾಲೇಜಿಗೆ ಕಾಲಿಡುವಾಗ ಪುಸ್ತಕ, ಊಟ, ಪರಿಚಿತ ಮಾಸ್ತರರು ಈ ಮೂರನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾಳೆ. ಗುರುಗಳ ನಿಧಿಗೆ ನಿಲ್ಲಲು ಸರಿಯಾದ ಸ್ಥಳವೊಂದಿದ್ದರೆ ಅದು ಈ ಹೊಸ್ತಿಲು.

ನಮ್ಮ ಸೀಮೆಯ ಶಿಕ್ಷಣದ ಸ್ಥಿತಿಯ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. 2011ರ ಜನಗಣತಿಯ ಪ್ರಕಾರ ರಾಜ್ಯದ ಸಾಕ್ಷರತೆ ಶೇಕಡಾ 75.36 ಇದ್ದಾಗ ಕಲಬುರಗಿಯದು 64.85, ಯಾದಗಿರಿಯದು 51.83, ಯಾದಗಿರಿ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. 2024ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶದಲ್ಲಿ ಯಾದಗಿರಿ ಶೇಕಡಾ 50.59ರೊಂದಿಗೆ ಕಡೆಗೆ ಬಿತ್ತು, 2025ರಲ್ಲಿ ಆ ಜಾಗಕ್ಕೆ ನಮ್ಮ ಕಲಬುರಗಿ ಬಂತು, ಶೇಕಡಾ 42.43. ಈ ಅಂಕಿಗಳನ್ನು ಹಿಡಿದುಕೊಂಡು ನಮ್ಮ ಮಕ್ಕಳನ್ನಾಗಲಿ ಮಾಸ್ತರರನ್ನಾಗಲಿ ಹಳಿಯುವುದು ನನಗೆ ಇಷ್ಟವಿಲ್ಲ. ನಾನು ಹೇಳಬೇಕೆಂದಿರುವುದು ಬೇರೆ. ಪರೀಕ್ಷೆಗೆ ಕುಳಿತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೊದಲ ಯತ್ನದಲ್ಲಿ ತೇರ್ಗಡೆಯಾಗದ ಜಿಲ್ಲೆಯಲ್ಲಿ, ಶೇಕಡಾ 90ಕ್ಕಿಂತ ಮೇಲಿನವರನ್ನು ಮಾತ್ರ ಹುಡುಕುವ ವಿದ್ಯಾರ್ಥಿವೇತನವು ಗುರುಗಳು ಯಾರಿಗಾಗಿ ಊರೂರು ತಿರುಗಿದರೋ ಆ ಮಕ್ಕಳನ್ನು ಕಣ್ಣೆತ್ತಿಯೂ ನೋಡದಂತಾಗುತ್ತದೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಇದೆ. ಮೊದಲನೆಯದರಲ್ಲಿ ಗಣಿತವೋ ಇಂಗ್ಲಿಷೋ ಉಳಿದ ಮಗುವನ್ನು ಮುಂದಿನ ಪರೀಕ್ಷೆಗೆ ಕೂರಿಸುವುದಕ್ಕೆ ಬೇಕಾದದ್ದು ದೊಡ್ಡ ಹಣವಲ್ಲ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಡಲು ಸಿದ್ಧನಾದವನನ್ನು ಮೂರು ವಾರ ಊರಲ್ಲಿ ನಿಲ್ಲಿಸಿ ಪಾಠ ಹೇಳುವ ಒಬ್ಬ ಮಾಸ್ತರರು, ಮತ್ತು ಆ ಮೂರು ವಾರಗಳ ಖರ್ಚು.

ವಿದ್ಯೆಗಾಗಿ ನಿಧಿ ಇಡುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ಗುರುಗಳ ಶಾಲೆಯ ಮಕ್ಕಳನ್ನು ಅವರು ಪ್ರತಿ ವರ್ಷವೂ ಚಿತ್ತಾಪುರದ ಪಕ್ಕದ ನಾಗಾವಿಗೆ ಕರೆದುಕೊಂಡು ಹೋಗುತ್ತಿದ್ದರು. ಅರವತ್ತು ಕಂಬದ ಗುಡಿಯ ನೆರಳಿನಲ್ಲಿ ಬುತ್ತಿ ಬಿಚ್ಚಿದ ನೆನಪು ಇಲ್ಲಿರುವ ಎಷ್ಟೋ ಜನರಿಗೆ ಇದ್ದೀತು. ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನ, ಎಂದರೆ ಉನ್ನತ ವಿದ್ಯೆಯ ಕೇಂದ್ರವಿತ್ತು. ತ್ರೈಲೋಕ್ಯಮಲ್ಲ ಸೋಮೇಶ್ವರನ ಕೈಕೆಳಗೆ ದಂಡನಾಯಕನಾಗಿದ್ದ ಮಧುಸೂದನನು ಅದಕ್ಕೆ ಬಿಟ್ಟ ದತ್ತಿಯನ್ನು ಕ್ರಿ.ಶ. 1058ರ ಶಾಸನ ಹೇಳುತ್ತದೆ. ವೇದಾಧ್ಯಯನ ಮಾಡುವ 200 ವಿದ್ಯಾರ್ಥಿಗಳು, ಶಾಸ್ತ್ರಾಧ್ಯಯನದ ಐವತ್ತಕ್ಕೂ ಮೇಲ್ಪಟ್ಟ ವಿದ್ಯಾರ್ಥಿಗಳು, ಅವರಿಗೆ ಉಪಾಧ್ಯಾಯರು, ಇವರೆಲ್ಲರ ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರು, ಎಂದರೆ ಗ್ರಂಥಭಂಡಾರವನ್ನು ನೋಡಿಕೊಳ್ಳುವವರು. ಆ ವಿದ್ಯೆ ಅಂದು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ಗುರುಗಳು ಅಲ್ಲಿಯೇ, ಆ ಕಂಬಗಳ ನಡುವೆಯೇ ಮಕ್ಕಳಿಗೆ ಹೇಳುತ್ತಿದ್ದರು. ಶಾಸನವನ್ನು ಅವರು ಮೆಚ್ಚುತ್ತಿದ್ದುದು ಅದರ ಕರಾರುವಾಕ್ಕಿಗಾಗಿ. ಕೊಟ್ಟೆ ಎಂದು ಘೋಷಿಸಿ ಸುಮ್ಮನಾಗದೆ ಎಷ್ಟು ಜನ ಓದಬೇಕು, ಎಷ್ಟು ಜನ ಕಲಿಸಬೇಕು, ಪುಸ್ತಕ ಯಾರ ವಶದಲ್ಲಿರಬೇಕು ಎಂಬುದನ್ನೆಲ್ಲ ಕಲ್ಲಿನ ಮೇಲೆ ಕಡೆದಿಟ್ಟವರು ಖರ್ಚಿನ ನಿಯಮವನ್ನು ತಿಳಿದವರು. ನಮ್ಮ ನಿಧಿಯ ನಿಯಮಾವಳಿಯೂ ಅಷ್ಟೇ ಬಿಡಿಬಿಡಿಯಾಗಿರಬೇಕು.

ಬೀದರಿನಲ್ಲಿ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ನಿಮ್ಮೆಲ್ಲರ ಕಣ್ಣಿಗೂ ಕಟ್ಟಿದೆ. ಬೋಧನೆಯ ಕೊಠಡಿಗಳು, ಗ್ರಂಥಾಲಯ, ಗುರುಗಳೂ ವಿದ್ಯಾರ್ಥಿಗಳೂ ಉಳಿಯುವ ಕೋಣೆಗಳು ಎಲ್ಲವೂ ಒಂದೇ ಕಟ್ಟಡದಲ್ಲಿದ್ದವು. ಕಟ್ಟಿಸಿದವನನ್ನು 1481ರಲ್ಲಿ ಕೊಲ್ಲಿಸಲಾಯಿತು. ಮುಂದೆ ಕಟ್ಟಡವು ಸೈನ್ಯದ ಬಳಕೆಗೆ ಸಿಕ್ಕಿ, 1696ರಲ್ಲಿ ಮದ್ದಿನ ಸ್ಫೋಟದಿಂದ ಅದರ ದೊಡ್ಡ ಭಾಗ ಹಾರಿಹೋಯಿತು. ಉಳಿದ ಒಂದು ಮಿನಾರನ್ನು ನೋಡುವಾಗಲೆಲ್ಲ ನನಗೆ ಅನಿಸುವುದೇನೆಂದರೆ, ಕಲ್ಲು ಸುಣ್ಣಕ್ಕಿಂತ ದಿನನಿತ್ಯದ ಪಾಠವನ್ನು ನಡೆಸಿಕೊಂಡು ಹೋಗುವ ಜನರ ಸರಪಳಿ ಬಲುಬೇಗ ಕಡಿಯುತ್ತದೆ. ಆದ್ದರಿಂದ ಗುರುಗಳ ಹೆಸರಿನಲ್ಲಿ ಒಂದು ಸಭಾಭವನ ಕಟ್ಟೋಣವೆಂದು ಕೆಲವು ಹಿತೈಷಿಗಳು ಸೂಚಿಸಿದಾಗ ಸಮಿತಿ ಅದನ್ನು ವಿನಯದಿಂದ ಒಪ್ಪಲಿಲ್ಲ.

ಇನ್ನು ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರನ್ನು ನೆನೆಯದೆ ಈ ಭಾಗದಲ್ಲಿ ವಿದ್ಯಾದಾನದ ಮಾತನ್ನು ಆಡಲಾಗದು. ನಿಜಾಮರ ಆಳ್ವಿಕೆಯಲ್ಲಿ ಉರ್ದು ರಾಜಭಾಷೆಯಾಗಿದ್ದಾಗ, ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಪಾಠ ನಡೆಸಿದವರು ಅವರು. ಓದುವ ಮಕ್ಕಳಿಗೆ ಊಟ, ವಸತಿಯ ವ್ಯವಸ್ಥೆಯನ್ನೂ ಮಾಡಿದರು, ಅದಕ್ಕಾಗಿ ಜೋಳಿಗೆ ಹಿಡಿದು ಮನೆಮನೆಗೆ ಹೋದರು. 1999ರಲ್ಲಿ ಲಿಂಗೈಕ್ಯರಾಗುವವರೆಗಿನ ಅವರ ದೀರ್ಘ ಬದುಕಿನಲ್ಲಿ ಮಗು ಯಾವ ಜಾತಿಯದೆಂದು ಕೇಳಿ ಅನ್ನ ಹಾಕಿದವರಲ್ಲ. ಜೋಳಿಗೆಗೆ ಬಿದ್ದ ಸೇರು ಜೋಳ ಆ ವಾರವೇ ಮಕ್ಕಳ ತಾಟಿಗೆ ಬೀಳುತ್ತಿತ್ತು ಎಂಬುದನ್ನು ಠೇವಣಿಯ ಲೆಕ್ಕ ಬರೆಯುವ ನಮ್ಮಂಥವರು ಮರೆಯಬಾರದು.

ಈಗ ಲೆಕ್ಕಕ್ಕೆ ಬರುತ್ತೇನೆ. ನಿಧಿಯ ಮೂಲಧನವನ್ನು ಮುಟ್ಟದೆ ಬಡ್ಡಿಯನ್ನು ಮಾತ್ರ ಖರ್ಚು ಮಾಡುವುದು ಮೊದಲ ನಿಯಮ. ಹತ್ತು ಲಕ್ಷ ರೂಪಾಯಿ ಮೂಲಧನ, ಶೇಕಡಾ 7 ಬಡ್ಡಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 70,000 ರೂಪಾಯಿ ಬರುತ್ತದೆ. ಅದೆಲ್ಲವನ್ನೂ ಹಂಚಿಬಿಟ್ಟರೆ ಮೂಲಧನ ಕಾಗದದ ಮೇಲೆ ಹತ್ತು ಲಕ್ಷವಾಗಿಯೇ ಉಳಿಯುತ್ತದೆ, ಅದರ ಬೆಲೆ ಮಾತ್ರ ಕರಗುತ್ತದೆ. ಬೆಲೆಯೇರಿಕೆ ವರ್ಷಕ್ಕೆ ಶೇಕಡಾ 6ರಂತೆ ನಡೆದರೆ ಸುಮಾರು 12 ವರ್ಷಗಳಲ್ಲಿ ಇಂದಿನ 5,000 ರೂಪಾಯಿಯ ಕೆಲಸಕ್ಕೆ 10,000 ಬೇಕಾಗುತ್ತದೆ. ಹಿಂದೆ ಅನೇಕ ಕಡೆ ಹಿರಿಯರ ಹೆಸರಿನಲ್ಲಿ ಇಟ್ಟ ದತ್ತಿಗಳು ಹೀಗೆಯೇ ಸೊರಗಿದವು. ಅಂದು ಒಂದು ವರ್ಷದ ಪುಸ್ತಕಗಳಿಗೆ ಸಾಲುತ್ತಿದ್ದ ಬಡ್ಡಿ ಇಂದು ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಲೂ ಸಾಲದು. ಧರ್ಮಾರ್ಥ ಸಂಸ್ಥೆಗಳು ವರಮಾನದ ಶೇಕಡಾ 85ನ್ನು ಉದ್ದೇಶಕ್ಕೆ ಖರ್ಚು ಮಾಡಿ ಶೇಕಡಾ 15ನ್ನು ಉಳಿಸಿಕೊಳ್ಳಲು ತೆರಿಗೆ ಕಾನೂನಿನಲ್ಲಿಯೇ ಅವಕಾಶವಿದೆ. ನಮ್ಮ ಉದಾಹರಣೆಯಲ್ಲಿ 10,500 ರೂಪಾಯಿ ಮೂಲಧನಕ್ಕೆ ಸೇರಿ, 59,500 ಮಕ್ಕಳಿಗೆ ಹೋಗುತ್ತದೆ. ಈ ಉಳಿತಾಯ ಬೆಲೆಯೇರಿಕೆಯನ್ನು ತಡೆದುಕೊಳ್ಳುವಷ್ಟಿಲ್ಲ. ಆದ್ದರಿಂದ ಪ್ರತಿ ವರ್ಷವೂ ಹೊಸ ದೇಣಿಗೆಯಿಂದ ಮೂಲಧನ ಬೆಳೆಯುತ್ತಲೇ ಇರಬೇಕು. ಒಮ್ಮೆ ದೊಡ್ಡ ಮೊತ್ತ ಕೊಟ್ಟು ಕೈ ತೊಳೆದುಕೊಳ್ಳುವ ಹತ್ತು ಜನರಿಗಿಂತ, ವರ್ಷಕ್ಕೆ ಸಾವಿರವನ್ನೇ ಕೊಟ್ಟರೂ ತಪ್ಪದೆ ಕೊಡುವ ನೂರು ಜನ ಈ ನಿಧಿಯನ್ನು ಉಳಿಸುತ್ತಾರೆ.

ಹಣವನ್ನು ಎಲ್ಲಿಡಬೇಕು ಎಂಬುದರ ಬಗ್ಗೆಯೂ ಸ್ವಲ್ಪ ನಿಲ್ಲಬೇಕಾಗಿದೆ, ಏಕೆಂದರೆ ಇದರಲ್ಲಿ ಒಳ್ಳೆಯ ಮನಸ್ಸಿನವರೂ ದಾರಿ ತಪ್ಪುತ್ತಾರೆ. ಊರಲ್ಲಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಬಿಟ್ಟರೆ ವರ್ಷಕ್ಕೆ ಶೇಕಡಾ 24 ಬರುತ್ತದೆ, ಬ್ಯಾಂಕಿನ ಬಡ್ಡಿ ಯಾವ ಲೆಕ್ಕಕ್ಕೆ ಎಂಬ ಸಲಹೆ ಬಂದಿದೆ. ಕಾನೂನು ಅದಕ್ಕೆ ಒಪ್ಪುವುದಿಲ್ಲ. ಕಾನೂನು ಒಪ್ಪಿದ್ದರೂ, ಯಾವ ಒಕ್ಕಲಿಗನ ಮಗಳನ್ನು ಓದಿಸಬೇಕೆಂದು ಹೊರಟಿದ್ದೇವೆಯೋ ಅವನದೇ ಬೆನ್ನಿನ ಮೇಲಿನ ಬಡ್ಡಿಯಿಂದ ಅವಳಿಗೆ ವಿದ್ಯಾರ್ಥಿವೇತನ ಕೊಡುವುದು ಗುರುಗಳ ಆತ್ಮಕ್ಕೆ ಸಮ್ಮತವಾಗದು. ಹೆಚ್ಚಿನ ಬಡ್ಡಿ ಕೊಡುವ ಪತ್ತಿನ ಸಂಘಗಳಲ್ಲಿ ಇಡೋಣವೆಂಬ ಮಾತಿಗೆ ನನ್ನ ಉತ್ತರ ಇಷ್ಟೇ: ಠೇವಣಿ ವಿಮೆಯ ರಕ್ಷಣೆ ಇರುವುದು ಬ್ಯಾಂಕುಗಳಿಗೆ, ಅದೂ 2020ರಿಂದ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ಐದು ಲಕ್ಷದವರೆಗೆ; ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ಗುರುಗಳ ಹೆಸರಿನ ಹಣದಲ್ಲಿ ಒಂದು ರೂಪಾಯಿಯೂ ಮುಳುಗಬಾರದು. ಆದ್ದರಿಂದ ಬ್ಯಾಂಕು, ಅಂಚೆ ಕಚೇರಿ ಬಿಟ್ಟು ಬೇರೆ ಕಡೆ ನಾವು ನೋಡುವುದಿಲ್ಲ.

ದೇಣಿಗೆ ಕೊಡುವವರಿಗೆ ಎರಡು ವಿನಂತಿ. ಕೊಟ್ಟ ಹಣ ಮೂಲಧನಕ್ಕೆ ಸೇರಬೇಕೆಂದಿದ್ದರೆ ಅದನ್ನು ಒಂದು ಸಾಲಿನ ಪತ್ರದಲ್ಲಿ ಬರೆದುಕೊಡಿ. ಆ ಬರಹವಿಲ್ಲದಿದ್ದರೆ ಅದು ಆ ವರ್ಷದ ವರಮಾನವೆಂದು ಎಣಿಕೆಯಾಗುತ್ತದೆ. ತೆರಿಗೆ ರಿಯಾಯಿತಿ ಕೋರುವವರು ಎರಡು ಸಾವಿರಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಡಬಾರದು. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ನೌಕರರಿಗೆ ದೇಣಿಗೆಯ ಮೇಲೆ ರಿಯಾಯಿತಿಯೇ ಸಿಗುವುದಿಲ್ಲ ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ. ಹಾಗಿದ್ದೂ ಕೊಡುತ್ತಿರುವವರೇ ನಮ್ಮಲ್ಲಿ ಹೆಚ್ಚು.

ಯಾರಿಗೆ ಕೊಡಬೇಕು ಎಂಬುದು ಉಳಿದ ಪ್ರಶ್ನೆ. ಅಂಕಪಟ್ಟಿ ನೋಡಿ ಆರಿಸುವುದು ಸುಲಭ, ನಿರ್ವಿವಾದ, ವೇದಿಕೆಗೂ ಶೋಭೆ. ಜಾಣ ಮಕ್ಕಳನ್ನು ಮೆಚ್ಚುವುದರಲ್ಲಿ ತಪ್ಪೇನೂ ಇಲ್ಲ. ಅವರನ್ನು ಸನ್ಮಾನಿಸುವ ಸಂಸ್ಥೆಗಳು ಈ ಊರಿನಲ್ಲಿ ಸಾಕಷ್ಟಿವೆ, ಅವರಿಗೆ ನಮ್ಮ ಅಭಿನಂದನೆಗಳು. ನಮ್ಮ ಅರ್ಜಿ ಒಂದೇ ಪುಟದ್ದು, ಅದನ್ನು ತುಂಬುವವರು ಮಗುವಲ್ಲ, ಮಾಸ್ತರರು. ಗುರುಗಳ ನೋಟ್‌ಬುಕ್ಕಿನ ಬಲ ಅಂಚಿನಲ್ಲಿದ್ದ ಪ್ರಶ್ನೆಯನ್ನೇ ಅದರಲ್ಲಿ ಇಟ್ಟಿದ್ದೇವೆ: ಈ ಮಗು ಎಂದು ಎಂದು ಶಾಲೆಗೆ ಬರಲಿಲ್ಲ, ಯಾಕೆ ಬರಲಿಲ್ಲ, ನೀವು ಮನೆಗೆ ಹೋಗಿದ್ದಿರಾ, ಅಲ್ಲಿ ಏನು ಕಂಡಿರಿ? ಮನೆಗೆ ಹೋಗದೆ ತುಂಬಿದ ಅರ್ಜಿ ಎರಡೇ ಸಾಲಿನಲ್ಲಿ ಗೊತ್ತಾಗಿಬಿಡುತ್ತದೆ. ಹೋಗಿಬಂದ ಮಾಸ್ತರರು ಬರೆದಿದ್ದರಲ್ಲಿ ಗೋಡೆಯ ಬಿರುಕಿನಿಂದ ಹಿಡಿದು ಅಜ್ಜಿಯ ಕೆಮ್ಮಿನವರೆಗೆ ಎಲ್ಲವೂ ಇರುತ್ತದೆ.

ಕೊಡುವ ರೀತಿಯ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ನೆರವು ಪಡೆದ ಮಗುವನ್ನು ವೇದಿಕೆಗೆ ಕರೆದು, ದೊಡ್ಡ ಅಕ್ಷರದ ಚೆಕ್ಕಿನ ಹಲಗೆ ಹಿಡಿಸಿ, ತಂದೆಯ ಬಡತನವನ್ನು ಧ್ವನಿವರ್ಧಕದಲ್ಲಿ ವರ್ಣಿಸುವುದನ್ನು ನಾವು ಮಾಡಬಾರದು. ಗುರುಗಳು ಶುಲ್ಕ ಕಟ್ಟಿದ ವಿಷಯ ಆ ಮಗುವಿನ ಪಕ್ಕದಲ್ಲಿ ಕುಳಿತವರಿಗೂ ಗೊತ್ತಾಗುತ್ತಿರಲಿಲ್ಲ. ಹಣ ನೇರವಾಗಿ ಮಗುವಿನ ಖಾತೆಗೆ ಹೋಗಲಿ. ಪಡೆದವರ ಹೆಸರು ಸಮಿತಿಯ ಪುಸ್ತಕದಲ್ಲಿರಲಿ, ಲೆಕ್ಕಪರಿಶೋಧಕರು ಅದನ್ನು ನೋಡಲಿ. ಪತ್ರಿಕೆಗೂ ಫಲಕಕ್ಕೂ ಅದು ಬೇಡ. ವರ್ಷಕ್ಕೊಮ್ಮೆ ಸಭೆ ಮಾಡೋಣ, ಅಲ್ಲಿ ಲೆಕ್ಕ ಓದೋಣ, ಗುರುಗಳನ್ನು ನೆನೆಯೋಣ. ಆ ಸಭೆ ಜನವರಿಯಲ್ಲೇ ಇರಲಿ. ಹಣ ಮಾತ್ರ ಜೂನ್ ಮೊದಲ ವಾರಕ್ಕೆ ಕೈ ಸೇರಲಿ.

ಸರ್ಕಾರದ ನೆರವು ಇರುವಾಗ ನಮ್ಮ ಸಣ್ಣ ನಿಧಿ ಏಕೆ ಎಂದು ಕೇಳಿದವರಿದ್ದಾರೆ. ಎಂಟನೇ ತರಗತಿಯಲ್ಲಿ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವಾದ ಎನ್‌ಎಂಎಂಎಸ್‌ನ ಪರೀಕ್ಷೆ ಬರೆದು ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ತಿಂಗಳ ನೆರವು ಹತ್ತು ತಿಂಗಳು ಬರುತ್ತದೆ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಪಿಯುಸಿ ಓದುವ ರೈತರ ಮಕ್ಕಳಲ್ಲಿ ಹುಡುಗರಿಗೆ 2,500, ಹುಡುಗಿಯರಿಗೆ 3,000 ಎಂದು ಆಗ ನಿಗದಿಯಾಗಿತ್ತು. ಇವೆಲ್ಲವೂ ಬೇಕಾದವೇ. ಆದರೆ ಇವು ಪ್ರವೇಶ ಪಡೆದ ಮೇಲೆ ಅರ್ಜಿ, ಪರಿಶೀಲನೆ, ಮಂಜೂರಾತಿ ದಾಟಿ ಬರುವ ಹಣ. ಪ್ರವೇಶವನ್ನೇ ಪಡೆಯಲಾಗದವರಿಗೆ ಇವುಗಳ ಬಾಗಿಲು ತೆರೆಯುವುದಿಲ್ಲ. ಆ ಬಾಗಿಲವರೆಗೆ ಮಗುವನ್ನು ಮುಟ್ಟಿಸುವಷ್ಟು ಹಣ ನಮ್ಮದು.

ಮುಟ್ಟಿಸುವುದೆಂದರೆ ಹಣವಷ್ಟೇ ಅಲ್ಲ, ಕಾಗದವೂ ಹೌದು. ಆಧಾರಿನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ. ಇಂಥ ಕಾರಣಗಳಿಗೆ ಎಷ್ಟು ಮಕ್ಕಳ ಹಣ ನಿಂತಿದೆ ಎಂಬುದನ್ನು ಇಲ್ಲಿರುವ ಶಿಕ್ಷಕರು ಬಲ್ಲರು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 (ಜೆ) ವಿಧಿಯಿಂದಾಗಿ 2013ರಿಂದ ನಮ್ಮ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8 ಸೀಟುಗಳು ಸ್ಥಳೀಯರಿಗೆ ಮೀಸಲಾಗಿವೆ. ಆದರೆ ಆ ಮೀಸಲಾತಿಗೆ ಸಹಾಯಕ ಆಯುಕ್ತರು ಕೊಡುವ ಪ್ರಮಾಣಪತ್ರ ಬೇಕು, ಮತ್ತು ಅದು ಬೇಕೆಂಬುದೇ ತಿಳಿಯದೆ ಕೌನ್ಸೆಲಿಂಗ್‌ಗೆ ಹೋಗಿ ನಿಲ್ಲುವ ಮಕ್ಕಳಿದ್ದಾರೆ. ಸೀಟು ಹಂಚಿಕೆಯಾದ ಮೇಲೆ ಶುಲ್ಕ ಕಟ್ಟಲು ಸಿಗುವ ಕಾಲ ಕೆಲವೇ ದಿನ. ಇಂಥ ಸಂದರ್ಭಗಳಿಗಾಗಿ ಪ್ರತಿ ವರ್ಷದ ಹಣದಲ್ಲಿ ಒಂದು ಪಾಲನ್ನು ತುರ್ತಿಗೆಂದು ತೆಗೆದಿಡಬೇಕು. ಹಳೆಯ ವಿದ್ಯಾರ್ಥಿಗಳಲ್ಲಿ ಕಂದಾಯ, ಶಿಕ್ಷಣ, ಬ್ಯಾಂಕು ಹೀಗೆ ಬೇರೆ ಬೇರೆ ಕಡೆ ದುಡಿದು ನಿವೃತ್ತರಾದವರು ಹಣಕ್ಕಿಂತ ಹೆಚ್ಚಾಗಿ ತಮ್ಮ ಬೆಳಗಿನ ಎರಡು ಗಂಟೆಯನ್ನು ಈ ಕಾಗದಗಳಿಗಾಗಿ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಒಂದು ಸಣ್ಣ ಸಂಗತಿಯನ್ನು ಇಲ್ಲಿ ಸೇರಿಸುತ್ತೇನೆ. ಬೆಳಿಗ್ಗೆ ಕಲಬುರಗಿಯ ಬಸ್ ನಿಲ್ದಾಣಕ್ಕೆ ಹೋದರೆ ಹಳ್ಳಿಗಳಿಂದ ಬಂದ ಬಸ್ಸಿನಿಂದ ಬುತ್ತಿ ಡಬ್ಬಿ ಇಳಿಸಿಕೊಳ್ಳುವ ಹುಡುಗರನ್ನು ಕಾಣಬಹುದು. ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಡಬ್ಬಿಯಲ್ಲಿ ಪಲ್ಯ, ಶೇಂಗಾ ಹಿಂಡಿ. ನಿನ್ನೆಯ ಖಾಲಿ ಡಬ್ಬಿಯನ್ನು ತೊಳೆದು ಅದೇ ಬಸ್ಸಿನಲ್ಲಿ ಹಿಂದಕ್ಕೆ ಕಳುಹಿಸಿ ರೂಮಿಗೆ ಹೋಗುತ್ತಾರೆ. ತಾಯಿ ನಸುಕಿನಲ್ಲಿ ಎದ್ದು ಬಡಿದ ಆ ರೊಟ್ಟಿ ಇರುವುದರಿಂದಲೇ ಅವರು ಓದುತ್ತಿದ್ದಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ, ಊರಿನಿಂದಲೇ ಓಡಾಡಿ ಓದುವುದು ಹುಡುಗಿಯರಿಗೆ ಸಾಧ್ಯವಾಗಿದೆ. ಆದ್ದರಿಂದ ಒಬ್ಬ ಹುಡುಗನಿಗೆ ಬೇಕಾದದ್ದು ಬಸ್ ಪಾಸೋ ರೂಮಿನ ಬಾಡಿಗೆಯೋ ಇರಬಹುದು, ಒಬ್ಬ ಹುಡುಗಿಗೆ ಬೇಕಾದದ್ದು ಮಧ್ಯಾಹ್ನದ ಊಟವೋ, ಮದುವೆಯ ಮಾತನ್ನು ಎರಡು ವರ್ಷ ಮುಂದೂಡುವಂತೆ ಅವಳ ತಂದೆಯ ಎದುರು ಕುಳಿತು ಮಾತನಾಡುವ ಒಬ್ಬ ಹಿರಿಯರೋ ಇರಬಹುದು. ಎಲ್ಲರಿಗೂ ಒಂದೇ ಮೊತ್ತ ಎಂಬ ನಿಯಮವನ್ನು ನಾನು ಈ ಕಾರಣಕ್ಕಾಗಿಯೇ ವಿರೋಧಿಸಿದ್ದೇನೆ. ನೆರವು ಪಡೆದವರು ಮುಂದೆ ನೌಕರಿ ಹಿಡಿದಾಗ ಹಣ ಹಿಂದಿರುಗಿಸಬೇಕೆಂಬ ಕರಾರೂ ಬೇಡ. ಗುರುಗಳ ಪುಸ್ತಕದಲ್ಲಿ ಅಂಥ ಕಾಲಮು ಇಲ್ಲ.

ಈ ವರ್ಷದ ವ್ಯವಸ್ಥೆ ಹೀಗಿದೆ. ಹತ್ತನೇ ತರಗತಿಯ ಮೊದಲ ಪರೀಕ್ಷೆಯ ಫಲಿತಾಂಶ ಬಂದ ಹತ್ತು ದಿನಗಳೊಳಗೆ ಮಾಸ್ತರರು ತಮ್ಮ ಅರ್ಜಿಗಳನ್ನು ಕಳುಹಿಸಬೇಕು. ಅನುತ್ತೀರ್ಣರಾದವರ ಹೆಸರುಗಳನ್ನೂ ಅದರಲ್ಲಿ ಅವಶ್ಯವಾಗಿ ಸೇರಿಸಬೇಕು. ಮೇ ಕೊನೆಯ ವಾರದಲ್ಲಿ ಸಮಿತಿಯ ಇಬ್ಬರಂತೆ ಮನೆಗಳಿಗೆ ಹೋಗಿಬರುತ್ತಾರೆ. ಚಿತ್ತಾಪುರ, ಶಹಾಬಾದ್, ಸೇಡಂ ಕಡೆಗೆ ಹೋಗಲು ಒಪ್ಪಿದವರಿದ್ದಾರೆ. ಆಳಂದ ಮತ್ತು ಅಫಜಲಪುರದ ಕಡೆಗೆ ಇನ್ನೂ ಜನ ಬೇಕು. ಇಲ್ಲಿಂದ ಹೊರಡುವ ಮುಂಚೆ ಬಾಗಿಲ ಬಳಿಯ ಮೇಜಿನ ಮೇಲಿರುವ ಪಟ್ಟಿಯಲ್ಲಿ, ನೀವು ಹೋಗಬಲ್ಲ ಊರುಗಳನ್ನು ನಿಮ್ಮ ಹೆಸರಿನ ಮುಂದೆ ಬರೆದುಹೋಗಬೇಕೆಂದು ವಿನಂತಿಸುತ್ತೇನೆ.